ಲಕ್ಕತ್ತೆಯ ಎಡೆಗೆ ಏನಿಡಬೇಕು

ಐ.ಡಿ.ಹಳ್ಳಿಯಿಂದ ಮಧುಗಿರಿಗೆ ಹೋಗುವ ಮೊದಲ ಬಸ್ಸು ನಮ್ಮೂರ ಹೊಂಗೆಮರದ ಕೆಳಗೆ ನಿಂತಾಗ ತುಂತುರು ಹನಿಯುತ್ತಿತ್ತು. ನಯಾಪೈಸೆ ಕೈಗೆ ಬಂದಿದ್ದರೂ ಬಾಯಿಂದ ಆಣೆ ಹೋಗಿರದ ಕಾಲ. ಕಂಡಕ್ಟರ್ ಹತ್ತಾಣೆ ಎಂದ, ಕೊಟ್ಟೆ. ಹಿರಿಯರ ಹಬ್ಬ ಹತ್ತಿರವಾಗಿತ್ತು. ಅಪ್ಪ ಕಿಟಕಿಯ ಬಳಿ ಬಂದು, "ತಿಳ್ಕಂಡೇ ಬಾ. ಬರಿಗೈಲಿ ಬರ್ಬೇಡ ಕಣ್ಲಾ" ಎಂದ.

ತಿಳಿಯಬೇಕಿದ್ದದ್ದು ಇಷ್ಟೆ: ಸತ್ತುಹೋದ ಲಕ್ಕತ್ತೆಗೆ ಏನು ತಿನ್ನುವುದು ಇಷ್ಟವಿತ್ತು?

ಲಕ್ಕತ್ತೆ ಅಪ್ಪನ ಅಕ್ಕ. ಚಿಕ್ಕವಯಸ್ಸಿಗೇ ಗಂಡ ತೀರಿಕೊಂಡ ಮೇಲೆ ಮೂಲೆ ಹಿಡಿದು ಕೂರುತ್ತಾಳೆ ಎಂದು ಊರು ಕಾದಿತ್ತು. ಅವಳು ತಿರುಪತಿಗೆ ನಡೆದುಹೋದಳು. ಆಮೇಲೆ ರಾಮೇಶ್ವರ, ಕಾಶಿ. ಒಮ್ಮೆ ದೇವರ ನೆಪವೂ ಇಲ್ಲದೆ ಬೊಂಬಾಯಿ, ಬರೀ ಸಮುದ್ರ ನೋಡಲು. ಹುಣಸೆಹಣ್ಣು ಬಡಿಯುವಲ್ಲಿ, ಕಡಲೆಕಾಯಿ ಬಿಡಿಸುವಲ್ಲಿ ಕೂಲಿ ಮಾಡಿ ರೈಲಿನ ಖರ್ಚು ಹೊಂದಿಸುತ್ತಿದ್ದಳು. ನಮ್ಮ ಮನೆಗೆ ಬಂದರೆ ಒಂದೇ ರಾತ್ರಿ. ಬೆಳಗ್ಗೆ ಚೀಲ ಹೆಗಲಿಗೇರಿಸಿ ಹೊಸಿಲು ದಾಟುವಾಗ ಅಪ್ಪ ತಪ್ಪದೆ ಕೇಳುತ್ತಿದ್ದ: "ಎಲ್ಲಿಗ್ ಹೊಂಟೆ?" ಹೊರಟವರನ್ನು ಹಾಗೆ ಕೇಳಬಾರದೆಂದು ಹಸುಗೂಸಿಗೂ ಗೊತ್ತು. ಅತ್ತೆ ಚೀಲ ಇಳಿಸಿ, ಜಗಲಿಯ ಮೇಲೆ ಕೂತು, ಒಂದು ಲೋಟ ನೀರು ಕುಡಿದು ಅಪಶಕುನ ಕಳೆದುಕೊಂಡು ಮತ್ತೆ ಏಳುತ್ತಿದ್ದಳು. ಆ ನೀರು ಕುಡಿಯುವಷ್ಟು ಹೊತ್ತಾದರೂ ಅವಳನ್ನು ಕೂರಿಸಿಕೊಳ್ಳಲೆಂದೇ ಅಪ್ಪ ಕೇಳುತ್ತಿದ್ದನೋ ಏನೋ.

ಹೋದ ವರ್ಷ ಪಾವಗಡದಲ್ಲಿ ಜ್ವರ ಬಂದು ಸತ್ತಳು. ಸುದ್ದಿ ತಿಳಿದು ಅಪ್ಪ ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಈಗ ವರ್ಷ ತುಂಬಿ ಮೊದಲ ಎಡೆ. ಹಬ್ಬದ ದಿನ ಸತ್ತವರ ಹೆಸರಿನಲ್ಲಿ ಎಲೆ ಹಾಕಿ ಅವರವರಿಗೆ ಪ್ರಿಯವಾದದ್ದನ್ನು ಬಡಿಸಬೇಕು, ಇಲ್ಲವಾದರೆ ಹಸಿದು ಹಿಂದಿರುಗುತ್ತಾರೆ ಎಂಬುದು ನಮ್ಮವರ ನಂಬಿಕೆ. ತಾತನಿಗೆ ಕೋಳಿಸಾರು, ಹೊಗೆಸೊಪ್ಪು. ಅಜ್ಜಿಗೆ ಹೋಳಿಗೆ. ಲಕ್ಕತ್ತೆಗೆ? ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪನಿಗೆ ಊಟವೇ ಸೇರದಾಯಿತು. "ಒಡಹುಟ್ಟಿದೋಳು ಹಸ್ಕಂಡು ಹೋಗ್ತಾಳಲ್ಲೋ" ಎನ್ನುತ್ತಿದ್ದ. ಅದಕ್ಕೇ ಅವಳು ತಂಗುತ್ತಿದ್ದ ಮನೆಗಳನ್ನು ಸುತ್ತಿ ಬರಲು ನಾನು ಹೊರಟಿದ್ದು.

ಮಧುಗಿರಿಯಲ್ಲಿ ಬಸ್ಸು ಬದಲಿಸಿ ಕೊರಟಗೆರೆಯಲ್ಲಿ ಇಳಿದೆ. ಅಲ್ಲಿಂದ ಸಿದ್ದರಬೆಟ್ಟದ ಬುಡಕ್ಕೆ ಹುಲ್ಲಿನ ಗಾಡಿಯೊಂದು ಸಿಕ್ಕಿತು. ಬಾಡಿಗೆ ಬೇಡವೆಂದ ಪುಣ್ಯಾತ್ಮ ದಾರಿಯುದ್ದಕ್ಕೂ ತನ್ನ ಅಳಿಯನನ್ನು ಬೈದ. ಬೆಟ್ಟ ಹತ್ತುವವರಿಗೆ ಅವಲಕ್ಕಿ ಮಾರುವ ಗಂಗಮ್ಮನ ಗುಡಿಸಲಿನಲ್ಲಿ ಅತ್ತೆ ಮಳೆಗಾಲ ಕಳೆಯುತ್ತಿದ್ದಳಂತೆ.

"ಅದೇನ್ ಕೇಳ್ತೀಯ ಮಗ? ನನ್ ಅವಲಕ್ಕಿ ಅಂದ್ರೆ ಪ್ರಾಣ ಬುಡೋಳು. ಸೆರಗಿಗೆ ಸುರ್ಕಂಡು ಬೆಟ್ಟ ಹತ್ಬುಡೋಳು" ಎಂದು ಗಂಗಮ್ಮ ನನಗೂ ಒಂದಿಷ್ಟು ಕಟ್ಟಿಕೊಟ್ಟಳು. ಕೆಲಸ ಇಷ್ಟು ಸಲೀಸಾಯಿತಲ್ಲ ಎಂದು ಹಿಗ್ಗಿದೆ.

ಆ ಹಿಗ್ಗು ಮರುದಿನ ಸಿರಾದಲ್ಲಿ ಇಳಿದುಹೋಯಿತು. ಹಾಸಿಗೆ ಹೊಲಿಯುವ ಖತೀಜಾಬಿಯ ಮನೆ ತುಂಬ ಹತ್ತಿ ಹಾರಾಡುತ್ತಿತ್ತು. ಅತ್ತೆಯ ಹೆಸರು ಹೇಳುತ್ತಲೇ ಆಕೆ ಸೂಜಿ ಕೆಳಗಿಟ್ಟಳು. "ಆಪಾಗೆ ನಮ್ಮ ಸಕ್ಕರೆ ರೊಟ್ಟಿನೇ ಬೇಕು. ಖುದಾ ಕಸಂ, ಬೇರೆ ಏನೂ ಕೇಳ್ತಿರಲಿಲ್ಲ. ಬಟ್ಟೇಲಿ ಸುತ್ತಿಸ್ಕೊಂಡು ಹೋಗೋರು."

"ಅರೇ, ಚಾ ಮರೆತೆಯಾ?" ಎಂದ ಗಂಡ. ಚಹವೋ ರೊಟ್ಟಿಯೋ ಎಂದು ಇಬ್ಬರೂ ವಾದಕ್ಕೆ ಬಿದ್ದರು. ಕೊನೆಗೆ ಖತೀಜಾಬಿ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಹೋಗಿ ರೊಟ್ಟಿ ಸುಟ್ಟು ಕಟ್ಟಿಕೊಟ್ಟಳು. ಅಲ್ಲಿ ಅವಲಕ್ಕಿ, ಇಲ್ಲಿ ರೊಟ್ಟಿ. ಹೋದ ಹೋದ ಮನೆಯವರನ್ನೆಲ್ಲ ಮೆಚ್ಚಿಸಿ ಬಂದಿದ್ದ ಅತ್ತೆಯ ಮೇಲೆ ನನಗೆ ಸಿಟ್ಟೇ ಬಂತು.

ಪಾವಗಡದ ಬಸ್ಸು ದಾರಿಯಲ್ಲಿ ಎರಡು ಸಲ ಕೆಟ್ಟಿತು. ಆ ಕಡೆ ಮಳೆಯ ಸುಳಿವಿರಲಿಲ್ಲ, ಬಂಡೆಗಳು ಕಾದಿದ್ದವು. ಅತ್ತೆ ಕಣ್ಣುಮುಚ್ಚಿದ್ದು ನರಸಮ್ಮನ ಮನೆಯಲ್ಲಿ. ಆಕೆ ಅಂಗಳದಲ್ಲಿ ಕಡಲೆಕಾಯಿ ಹರವುತ್ತಿದ್ದಳು. ನಾನು ಬಂದ ಕಾರಣ ಹೇಳಿ, ಗಂಟುಗಳನ್ನು ತೋರಿಸಿದೆ. ನೋಡಿ ನಕ್ಕಳು, ನಗುತ್ತಲೇ ಕಣ್ಣು ತುಂಬಿಕೊಂಡಳು.

"ಅಯ್ಯೋ ನಾಯನಾ, ಏನ್ ತಿಂತಿದ್ಲು ಅಂತ ಯಾಕ್ ಕೇಳ್ತೀಯ? ಮುದ್ದೆ ಕೊಟ್ರೂ ತಿಂತಿದ್ಲು, ತಂಗಳು ಕೊಟ್ರೂ ತಿಂತಿದ್ಲು. ಎಲೆ ಹಾಕಿ ಒಳಗೆ ಕೂರ್ಸಿದ್ರೆ ಮಾತ್ರ ಒಲ್ಲೆ ಅನ್ನೋಳು. ಗಂಟು ಕಟ್ಕೊಡೇ, ದಾರೀಲಿ ಯಾವುದಾದ್ರೂ ಮರದ ಕೆಳಗೆ ಕೂತು ತಿಂತೀನಿ ಅನ್ನೋಳು. ಜ್ವರದಾಗೂ ಅಷ್ಟೇ. ಬಾಗ್ಲಾಚೆ ಕೂರ್ಸಿದ ಮೇಲೇನೆ ಗಂಜಿ ಕುಡಿದ್ಲು, ರಸ್ತೆ ನೋಡ್ಕೊಂಡು."

ಗಂಗಮ್ಮನೂ ಖತೀಜಾಬಿಯೂ ಇದನ್ನೇ ಹೇಳಿದ್ದರು; ನಾನು ಕೇಳಿಸಿಕೊಂಡದ್ದು ತಿಂಡಿಯ ಹೆಸರನ್ನಷ್ಟೇ.

"ಸಾಯೋ ಮುಂಚೆ ಒಂದ್ ಮಾತಂದ್ಲು" ಎಂದಳು ನರಸಮ್ಮ. "ನಮ್ ತಮ್ಮ ಇಲ್ಲಿದ್ದಿದ್ರೆ ಈಗ್ಲೂ ಕೇಳ್ತಿದ್ದ, ಎಲ್ಲಿಗ್ ಹೊಂಟೆ ಅಂತ. ಕೇಳಿದ್ರೆ ಇನ್ನೊಂದ್ ಗಳಿಗೆ ಕೂತಿರ್ತಿದ್ದೆ."

ಊರು ತಲುಪಿದಾಗ ಹಬ್ಬದ ಬೆಳಗು. ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಕೊನೆಯ ಮಾತು ಹೇಳುವುದೋ ಬೇಡವೋ ಎಂದು ತಡೆದು, ಅದನ್ನೂ ಹೇಳಿದೆ. ಅಪ್ಪ ಗೋಡೆಗೆ ತಿರುಗಿ ಅತ್ತ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ತಾತನಿಗೂ ಅಜ್ಜಿಗೂ ಒಳಗೆ ಎಲೆ ಹಾಕಿದ್ದಾಯಿತು. ಅತ್ತೆಗೆ ಹಾಕಲಿಲ್ಲ. ಬಿಸಿ ಮುದ್ದೆ, ಕಡಲೆಕಾಯಿ ಚಟ್ನಿ, ನಾನು ತಂದ ಅವಲಕ್ಕಿ, ಖತೀಜಾಬಿಯ ರೊಟ್ಟಿ, ಎಲ್ಲವನ್ನೂ ಅಪ್ಪ ತನ್ನ ಹೊಸ ಪಂಚೆಯ ತುದಿ ಹರಿದು ತಾನೇ ಗಂಟು ಕಟ್ಟಿದ. ಒಂದು ಚೊಂಬು ನೀರೂ ಹಿಡಿದುಕೊಂಡ. ಇಬ್ಬರೂ ಹೊಂಗೆಮರದವರೆಗೆ ನಡೆದೆವು.

ಗಂಟನ್ನು ಮರದ ಬುಡದಲ್ಲಿಟ್ಟು ಪಕ್ಕದಲ್ಲಿ ಚೊಂಬಿಟ್ಟ. ರಸ್ತೆಯತ್ತ ತಿರುಗಿದ. ತುಟಿ ಅಲುಗಿತು. ಅದೇ ಹಳೆಯ ಪ್ರಶ್ನೆ ಬರುತ್ತದೆ ಎಂದುಕೊಂಡೆ.

"ನೀರ್ ಕುಡ್ಕೊಂಡು ಹೋಗ್ಬುಟ್ಟು ಬಾ, ಅಕ್ಕಾ" ಎಂದ.