ವಾರಕ್ಕೆ ಸಾಕಿದ ನಾಯಿ

ಜಾತಿ ನಾಯಿಮರಿ ತರುವವರು ಈಗ ನನ್ನನ್ನು ಕೇಳಿಕೊಂಡು ಹೋಗುತ್ತಾರೆ, ಏನೇನು ಕಾಗದ ಇಸಿದುಕೊಳ್ಳಬೇಕು ಅಂತ. ಕಿರಂಗೂರಿನ ಮಟ್ಟಿಗೆ ಇದಕ್ಕೆ ನಾನೇ ವಕೀಲೆ. ಹೇಳುತ್ತೇನೆ. ಅಪ್ಪ, ಅಮ್ಮ, ಮುತ್ತಾತನ ತನಕ ವಂಶ ಬರೆದಿರುವ ನೋಂದಣಿ ಪತ್ರ ಬೇಕು. ಅದರಲ್ಲಿರುವ ಮೈಕ್ರೋಚಿಪ್ ನಂಬರೂ ಮರಿಯ ಕತ್ತಿನ ಚರ್ಮದೊಳಗಿನ ನಂಬರೂ ಒಂದೇ ಎಂದು ಡಾಕ್ಟರ ಹತ್ತಿರ ನೋಡಿಸಬೇಕು. ಲಸಿಕೆ ಪುಸ್ತಕದಲ್ಲಿ ಔಷಧಿ ಸೀಸೆಯ ಚೀಟಿ ಅಂಟಿಸಿ, ಡಾಕ್ಟರು ಸಹಿ ಹಾಕಿರಬೇಕು. ಕೊಟ್ಟ ದುಡ್ಡಿಗೆ ರಸೀದಿ ಬೇಕು. ಇವೆಲ್ಲ ಇದ್ದರೂ, ಮಾರಿದವನು ‘ಈ ಮರಿ ಇನ್ನು ಇವರದು’ ಎಂದು ಸಹಿ ಹಾಕಿಕೊಡುವ ವರ್ಗಾವಣೆ ಪತ್ರ ಒಂದಿಲ್ಲದಿದ್ದರೆ ಎಲ್ಲ ನೀರಿನಲ್ಲಿ ಹೋಮ. ಕೇಳಿದವರು ತಲೆಯಾಡಿಸುತ್ತಾರೆ. ಅರ್ಧ ಜನ ಆಮೇಲೆ ಅದನ್ನು ತೆಗೆದುಕೊಳ್ಳುವುದಿಲ್ಲ, ನನಗೆ ಗೊತ್ತು.

ನಮ್ಮ ಯಜಮಾನರೂ ತೆಗೆದುಕೊಳ್ಳಲಿಲ್ಲ. ಅವರು ಸಿಂಧಘಟ್ಟದವರು, ಚಿಕ್ಕಂದಿನಿಂದ ದನದ ವ್ಯಾಪಾರ ನೋಡಿ ಬೆಳೆದವರು. ನಾಗಮಂಗಲದ ಕಡೆಯ ಒಂದು ತೋಟದಲ್ಲಿ ಲ್ಯಾಬ್ರಡಾರ್ ಮರಿಗಳಿವೆ ಎಂದು ಕೇಳಿ ಇಬ್ಬರೂ ಹೋಗಿದ್ದೆವು. ಅವರು ಹಸು ನೋಡುವ ಹಾಗೆಯೇ ಮರಿಯ ಬಾಯಿ ಬಿಡಿಸಿ ನೋಡಿದರು, ಸುಳಿ ನೋಡಿದರು, ತಾಯಿಯ ಮೊಲೆ ಕೂಡ ಬಗ್ಗಿ ನೋಡಿದರು. ಕೊನೆಗೆ ಒಂದು ಕಪ್ಪು ಹೆಣ್ಣುಮರಿ ಆರಿಸಿದರು. ತೋಟದವರು ವಯಸ್ಸಾದವರು, ಮಾತು ಮೃದು. ದುಡ್ಡು ಎಣಿಸಿ ಕೊಟ್ಟಾಯಿತು. ಆಗ ಅವರು, “ಮೊದ್ಲ ಸೂಲಲ್ಲಿ ಒಂದ್ ಮರಿ ನಂಗ್ ಕೊಡ್ಬೇಕು ಕಣಪ್ಪ, ಇವಳ ತಾಯಿ ಮುದುಕಿ ಆದ್ಲು,” ಎಂದರು. ಯಜಮಾನರು ನಗುನಗುತ್ತಲೇ ಆಗಲಿ ಎಂದರು.

ನಾನು ಪತ್ರ, ರಸೀದಿ ಅಂದೆ. ತೋಟದವರು ಕಳಿಸಿಕೊಡುತ್ತೇನೆ ಎಂದರು. ಯಜಮಾನರು ನನ್ನ ಮೇಲೆ ರೇಗಿದರು. “ಅಗ್ಗ ಕೈಗ್ ಬಂದ್ಮ್ಯಾಲೆ ಇನ್ನೇನ್ ಪತ್ರ? ದೊಡ್ಡೋರ್ನ ಕಳ್ಳ ಅಂದಂಗಾಯ್ತದೆ, ಸುಮ್ಕಿರು.” ದನದ ವ್ಯಾಪಾರದಲ್ಲಿ ಹಗ್ಗ ಕೈ ಬದಲಾದರೆ ಮುಗಿಯಿತು, ಆಮೇಲೆ ಯಾರೂ ಸಹಿ ಕೇಳುವುದಿಲ್ಲ. ನಾಯಿಗೂ ಅದೇ ಸಾಕು ಅಂದುಕೊಂಡರು ಮಹಾರಾಯರು. ಪತ್ರ ಬರಲಿಲ್ಲ. ನಾನು ನೆನಪಿಸಿದಾಗಲೆಲ್ಲ ನಾಳೆ ನೋಡೋಣ ಎಂದರು.

ನಮ್ಮ ಕೊಟ್ಟಿಗೆಯಲ್ಲಿ ಎಷ್ಟೋ ಹಸು ಬಂದವು, ಹೋದವು. ಮಾರಿದ ಹಸುವಿನ ಕಡೆ ಇವರು ತಿರುಗಿ ನೋಡಿದ್ದನ್ನು ನಾನು ಕಂಡಿಲ್ಲ. ಹಾಲು ಕರೆಯದಿದ್ದರೆ ಅದು ಲಾರಿ ಹತ್ತಬೇಕು, ಅಷ್ಟೇ ಲೆಕ್ಕ. ಅಂಥ ಮನುಷ್ಯ ಈ ನಾಯಿಯನ್ನು ಕೂಸೇ ಅಂತ ಕರೆದರು. ಮೊದಲ ನೊರೆಹಾಲು ಅದಕ್ಕೆ. ಸೂಜಿ ಹಾಕಿಸಲು ಪಾಂಡವಪುರಕ್ಕೆ ಹೋಗುವಾಗ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು, ಒಂದು ಕೈಯಲ್ಲಿ ಅದರ ಎದೆ ಹಿಡಿದುಕೊಂಡೇ ಹೋಗುತ್ತಿದ್ದರು. ಮನೆಯಲ್ಲಿ ನನ್ನ ಜೊತೆ ನಾಲ್ಕು ಮಾತಾಡದವರು ಹಾಲು ಕರೆಯುತ್ತ ಅದರ ಜೊತೆ ಊರ ಸುದ್ದಿಯೆಲ್ಲ ಆಡುತ್ತಿದ್ದರು. ನನಗೆ ಹೊಟ್ಟೆಕಿಚ್ಚೂ ಆಯಿತು, ಸಂತೋಷವೂ ಆಯಿತು.

ಮರಿ ಹಾಕಿಸುವ ವಯಸ್ಸು ಬಂದಾಗ ಪಾಂಡವಪುರದ ಡಾಕ್ಟರು, ತಾಯಿ ನಿಮ್ಮ ಹೆಸರಿನಲ್ಲಿಲ್ಲದಿದ್ದರೆ ಮರಿಗಳಿಗೆ ನೋಂದಣಿ ಆಗುವುದಿಲ್ಲ ಎಂದರು. ಸಹಿ ಹಾಕಿಸಿಕೊಳ್ಳೋಣ ಎಂದು ತೋಟಕ್ಕೆ ಹೋದೆವು. ಮರಿ ಕೊಟ್ಟಿದ್ದ ಆ ವಯಸ್ಸಾದವರು ತೀರಿಕೊಂಡು ಆರೇಳು ತಿಂಗಳಾಗಿತ್ತು. ಅವರ ಬಾಮೈದ ನಾಯಿಗಳನ್ನು ನೋಡಿಕೊಳ್ಳುತ್ತಿದ್ದ. ಅವನು ಫೈಲು ತೆಗೆದು ನೋಡಿ, “ಉಳಿದೋವೆಲ್ಲ ವರ್ಗ ಆಗವೆ. ಇದೊಂದು ನಮ್ಮೆಸ್ರಲ್ಲೇ ಅದೆ,” ಎಂದ. “ಇದ್ನ ವಾರಕ್ಕೆ ಕೊಟ್ಟಿರ್ಬೇಕು ನಮ್ ಭಾವ. ಮೊದ್ಲ ಸೂಲಲ್ಲಿ ಒಂದ್ ಮರಿ ಬರ್ಬೇಕು ಅಂತಿದ್ರು.”

ವಾರಕ್ಕೆ ಅಂದರೆ ಸಾಕಲು ಕೊಡುವುದು. ನಮ್ಮ ಕಡೆ ಹಸು, ಕುರಿ ಹಾಗೆ ಕೊಡುವುದುಂಟು. ಸಾಕಿದವನಿಗೆ ಹುಟ್ಟಿದ ಮರಿಯಲ್ಲಿ ಪಾಲು, ತಾಯಿ ಮಾತ್ರ ಕೊಟ್ಟವನದೇ. ಅದಕ್ಕೂ ಯಾರೂ ಕಾಗದ ಬರೆಯುವುದಿಲ್ಲ. ನಾಯಿ ನಮ್ಮದು, ವಾಪಸು ಕೊಡಿ ಎಂದ ಅವನು. ನಮ್ಮ ಬಾಯಿಮಾತಿನ ಎದುರಿಗೆ ಅವನದೂ ಬಾಯಿಮಾತು, ಆದರೆ ಅವನ ಕೈಯಲ್ಲಿ ನೋಂದಣಿ ಪತ್ರವೂ ಇತ್ತು. ಠಾಣೆಯಲ್ಲಿ ಕೇಳಿದರೆ, ಪತ್ರ ಯಾರ ಹೆಸರಿನಲ್ಲಿದೆಯಮ್ಮ ಅಂದರು. ಕೂತು ಬಗೆಹರಿಸಿಕೊಳ್ಳಿ ಅಂದರು.

ಅವನು ಎರಡೂ ಕಡೆಗೆ ಬೇಕಾದ ಹಿರಿಯರೊಬ್ಬರನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ಜಗಲಿಯಲ್ಲಿ ಕೂತರು. ಯಜಮಾನರ ಕಾಲ ಹತ್ತಿರ ನಾಯಿ ಮಲಗಿತ್ತು. ದುಡ್ಡು ಕೊಟ್ಟು ತಂದಿದ್ದು ಎಂದು ನಾನು ಹೇಳಿದೆ. ರಸೀದಿ ಎಲ್ಲಿ ಎಂದರು. ಆಮೇಲೆ ಹಿರಿಯರು ಯಜಮಾನರ ಕಡೆ ತಿರುಗಿ, “ಮೊದ್ಲ ಸೂಲಲ್ಲಿ ಮರಿ ಕೊಡ್ತೀನಿ ಅಂತ ಒಪ್ಕೊಂಡಿದ್ದೇನಪ್ಪ ನೀನು?” ಎಂದು ಕೇಳಿದರು.

ಇಲ್ಲ ಅಂದುಬಿಡಿ ಎಂದು ನಾನು ಮನಸ್ಸಿನಲ್ಲೇ ಬಡಕೊಂಡೆ. ಹೇಳಿಸಿಕೊಂಡವರು ಸತ್ತಿದ್ದರು. ಇವರು ಆಗಲಿ ಎಂದಿದ್ದನ್ನು ಕೇಳಿದ್ದವಳು ನಾನೊಬ್ಬಳೇ.

“ಊಂ, ಒಪ್ಕೊಂಡಿದ್ದೆ,” ಎಂದರು ಇವರು.

“ಮರಿ ಕೊಡೋ ಮಾತಿದ್ರೆ ಅದು ವಾರವೇ ಆಯ್ತಲ್ಲಪ್ಪ,” ಎಂದರು ಹಿರಿಯರು. ಕೊಂಡವರೂ ಮರಿ ಕೊಡುವ ಮಾತಾಡುತ್ತಾರೆ ಎಂದು ನಾನು ಕೂಗಾಡಿದೆ. ಹೆಂಗಸಿನ ಗಂಟಲು ಅಂತ ಯಾರೂ ಕಿವಿಗೊಡಲಿಲ್ಲ. ಯಜಮಾನರು ತಾವೇ ನಾಯಿಯನ್ನು ಎತ್ತಿ ಅವನ ಜೀಪಿನಲ್ಲಿ ಕೂರಿಸಿದರು, ಇಲ್ಲದಿದ್ದರೆ ಅದು ಹತ್ತುತ್ತಿರಲಿಲ್ಲ. ನಿಮ್ಮ ಸತ್ಯಕ್ಕಿಷ್ಟು ಬೆಂಕಿ ಹಾಕ ಎಂದು ನಾನು ಅವತ್ತು ಬೈದೆ, ಆಮೇಲೂ ಎಷ್ಟೋ ದಿನ ಬೈದೆ. ಅವರು ಹಾಲು ಕರೆಯುತ್ತಿದ್ದರು, ಕೊಟ್ಟಿಗೆಯಲ್ಲಿ ಮಾತು ನಿಂತುಹೋಗಿತ್ತು. ನಾನು ಒಬ್ಬ ವಕೀಲರನ್ನು ಕಂಡು ಬಂದೆ. ದುಡ್ಡು ಕೊಟ್ಟಿದ್ದಕ್ಕೆ ಏನಾದರೂ ಗುರುತು ಸಿಕ್ಕರೆ ಕೇಸು ಹಾಕಬಹುದು ಎಂದಿದ್ದರು. ಆ ಮಾತಿನ ಮೇಲೇ ನಾನು ಆಸೆ ಇಟ್ಟುಕೊಂಡಿದ್ದೆ.

ಹೋದ ಮಾಘದಲ್ಲಿ ಆ ಬಾಮೈದ ಮತ್ತೆ ಬಂದ. ಬುಟ್ಟಿಯಲ್ಲಿ ಒಂದು ಕಪ್ಪು ಮರಿ ಇತ್ತು. “ನಿಮ್ ಪಾಲು. ನಾನು ಅನ್ಯಾಯದೋನಲ್ಲ,” ಎಂದ. ಎಲ್ಲ ಕಾಗದವನ್ನೂ ಸರಿಯಾಗಿ ತಂದಿದ್ದ, ವರ್ಗಾವಣೆ ಪತ್ರ ಕೂಡ. ಜೊತೆಗೆ ಇನ್ನೊಂದು ಹಾಳೆ: ತಾಯಿಯನ್ನು ವಾರಕ್ಕೆ ಸಾಕಿದ್ದಕ್ಕೆ ಈ ಮರಿ ಮುಟ್ಟಿತು ಎಂದು ಯಜಮಾನರು ಸಹಿ ಹಾಕಬೇಕಿತ್ತು.

ನಾನು ಅವರ ಕೈ ಹಿಡಿದೆ. ಇದಕ್ಕೆ ಸಹಿ ಹಾಕಿದರೆ ಅವಳನ್ನು ಯಾವತ್ತೂ ಕೇಳುವ ಹಾಗಿಲ್ಲ, ಅವನ ಮಾತೇ ನಿಜವಾಗುತ್ತದೆ ಎಂದೆ. ಅವರು ನನ್ನ ಮುಖ ನೋಡಲಿಲ್ಲ, ಮರಿಯನ್ನೂ ನೋಡಲಿಲ್ಲ.

“ಉಣ್ತಾವ್ಳಾ?” ಎಂದು ಅವನನ್ನು ಕೇಳಿದರು.

“ಮೊದ್ಮೊದ್ಲು ಉಣ್ಣೋಳಲ್ಲ. ಗೇಟ್ ತಾವೇ ಮಲ್ಗೋಳು,” ಎಂದ ಅವನು. “ಈಗ ಒಂದ್ಕೊಂಡವ್ಳೆ. ಕೂಗಿದ್ರೆ ಬತ್ತಾಳೆ.”

ಯಜಮಾನರು ಪೆನ್ನು ಇಸಿದುಕೊಂಡು ಸಹಿ ಹಾಕಿದರು.