ಐತವಾರದ ಡಾಕ್ಟರ್

ನನಗೆ ಪಶುವೈದ್ಯಕೀಯದ ಸೀಟು ಸಿಕ್ಕ ಮೇಲೆ ನಮ್ಮ ಮನೆಯಲ್ಲಿ ಆದ ಮೊದಲ ಬದಲಾವಣೆ ಎಂದರೆ, ಔರಾದಿನ ಸರ್ಕಾರಿ ಪಶು ಡಾಕ್ಟರಿಗೆ ಫೋನ್ ಮಾಡುವುದನ್ನು ಕಾಕಾ ನಿಲ್ಲಿಸಿಬಿಟ್ಟರು. ಅದು ನನಗೆ ಗೊತ್ತಾಗಲು ಬಹಳ ತಿಂಗಳು ಹಿಡಿಯಿತು. ಗೊತ್ತಾದ ಮೇಲೂ ನಾನು ಹೆದರಬೇಕಾದಷ್ಟು ಹೆದರಲಿಲ್ಲ.

ಕಾಕಾ ಎಂದರೆ ಅಪ್ಪನ ತಮ್ಮ. ಅಪ್ಪ, ಅವ್ವ ಕೆಲಸಕ್ಕೆಂದು ಹೈದರಾಬಾದಿನಲ್ಲಿ ಇರುತ್ತಿದ್ದರು. ಚಿಂತಾಕಿಯ ಮನೆಯಲ್ಲಿ ನನ್ನನ್ನು ಬೆಳೆಸಿದವರು ಕಾಕಾ ಮತ್ತು ಕಾಕಿ. ಅಪ್ಪ, ಕಾಕಾ ಇಬ್ಬರ ಹೆಸರಿನಲ್ಲಿದ್ದ ಒಂದಿಷ್ಟು ಮಳೆ ನಂಬಿದ ಹೊಲ, ತೊಗರಿ, ಜೋಳ, ಮತ್ತು ಕುರಿ. ಮನುಷ್ಯರ ಮಾತಿಗಿಂತ ಮೊದಲು ಕುರಿಯ ಕೂಗು ನನ್ನ ಕಿವಿಗೆ ಬಿದ್ದಿರಬೇಕು.

ಸೀಟು ಸಿಗುವುದಕ್ಕೂ ಮುಂಚೆ ಒಂದು ವರ್ಷ ನಾನು ಭಾಲ್ಕಿಯ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಿದ್ದೆ. ಅದೊಂದು ಸುಖದ ವರ್ಷ. ರಜೆಗೆ ಊರಿಗೆ ಹೋದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಬಿ.ಎಸ್ಸಿ. ಓದುವ ಹುಡುಗಿಯ ಹತ್ತಿರ ಕೇಳುವುದಕ್ಕೆ ಏನಿರುತ್ತದೆ? ಮದುವೆ ಯಾವಾಗ ಎಂದು ಕೇಳುತ್ತಿದ್ದರು, ಅಷ್ಟೆ. ಆದರೆ ಪಿಯುಸಿಯಲ್ಲಿ ನನ್ನ ಬೆಂಚಿನ ಮೇಲೇ ಕೂತಿದ್ದವಳೊಬ್ಬಳು ಎಂಬಿಬಿಎಸ್ ಸೇರಿದ್ದಳು. ಅವಳ ವಾಟ್ಸಾಪ್ ಸ್ಟೇಟಸ್‌ನಲ್ಲಿ ಬಿಳಿ ಕೋಟು ನೋಡಿದ ದಿನ ನನಗೆ ಊಟ ಸೇರಲಿಲ್ಲ. ಅದು ಹೊಟ್ಟೆಕಿಚ್ಚು. ವಿದ್ಯೆಯ ಹಂಬಲ, ಪ್ರಾಣಿಗಳ ಮೇಲಿನ ಪ್ರೀತಿ ಎಂದೆಲ್ಲ ಆಮೇಲೆ ಜನರ ಮುಂದೆ ಹೇಳಿಕೊಂಡಿದ್ದೇನೆ, ನಂಬಬೇಡಿ. ಎಂಬಿಬಿಎಸ್ ನನ್ನ ಅಂಕಗಳಿಗೆ ಎಟುಕುವ ಮಾತಾಗಿರಲಿಲ್ಲ. ಪಶುವೈದ್ಯಕೀಯಕ್ಕೂ ನೂಕುನುಗ್ಗಲು ಕಡಿಮೆ ಇರಲಿಲ್ಲ, ಆದರೆ ಬಿಳಿ ಕೋಟು ಅಲ್ಲಿಯೂ ಇತ್ತು.

ಹೀಗೆ ಮತ್ತೆ ಪ್ರವೇಶ ಪರೀಕ್ಷೆಗೆ ಕೂತೆ. ರೈತರ ಮಕ್ಕಳ ಕೋಟಾದಲ್ಲಿ ಬರೆದವರಿಗೆ ಬೇರೆಯೇ ಒಂದು ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಟೇಬಲ್ಲಿನ ಮೇಲೆ ಬೀಜ, ಮೇವು, ಸಲಕರಣೆ ಇಟ್ಟು ಇದೇನು, ಅದೇನು ಎಂದು ಕೇಳುತ್ತಾರೆ. ಅದರ ತಯಾರಿಯನ್ನು ಕಾಕಾ ತಮ್ಮ ಕೈಗೆ ತೆಗೆದುಕೊಂಡರು. ಬೆಳಿಗ್ಗೆ ಎದ್ದರೆ ಟಗರಿನ ಬಾಯಿ ಬಿಡಿಸಿ ಹಲ್ಲು ತೋರಿಸುವುದು, ಬದುವಿನ ಹುಲ್ಲು ಕಿತ್ತು ನನ್ನ ಮುಂದೆ ಹಿಡಿಯುವುದು. ಪರೀಕ್ಷೆಯ ದಿನ ಬೀದರಿಗೆ ಜೊತೆಗೇ ಬಂದು, ಕಾಂಪೌಂಡಿನ ಬೇವಿನ ಮರದ ಕೆಳಗೆ ಊಟ ಬಿಟ್ಟು ಕೂತರು. ನಾನು ಹೊರಗೆ ಬಂದಾಗ ನನ್ನ ಮುಖ ನೋಡಿಯೇ ಎದ್ದು ನಿಂತು ಧೋತರ ಝಾಡಿಸಿಕೊಂಡರು. ಆ ಸೀಟಿನಲ್ಲಿ ಅರ್ಧ ಅವರದು ಎನ್ನುವುದರಲ್ಲಿ ನನಗೆ ಆಗಲೂ ಅನುಮಾನ ಇರಲಿಲ್ಲ, ಈಗಲೂ ಇಲ್ಲ.

ಸೀಟು ಬಂದ ವಾರವೇ ಅವರು ಔರಾದಿನ ಸಂತೆಯಲ್ಲಿ ಆ ಪಶು ಡಾಕ್ಟರನ್ನು ನಿಲ್ಲಿಸಿ ಪೇಡಾ ಕೊಟ್ಟರಂತೆ.

"ಇನ್ನ ಮ್ಯಾಲ ನಿಮಗ ತ್ರಾಸ ಕೊಡಂಗಿಲ್ರಿ ಸಾಹೇಬರ. ನಮ್ಮ ಮನ್ಯಾಗೇ ಡಾಕ್ಟರ್ ಆದಳು."

ಡಾಕ್ಟರು ನಕ್ಕು ಪೇಡಾ ತಿಂದರು. ಅವರು ಅದನ್ನು ಸಂತೋಷದ ಮಾತು ಎಂದುಕೊಂಡಿರಬೇಕು. ಕಾಕಾ ಹೇಳಿದ್ದು ಮಾತ್ರ ಅಕ್ಷರಶಃ ನಿಜವಾಗಿತ್ತು.

ಇತ್ತ ಬೀದರಿನ ಕಾಲೇಜಿನಲ್ಲಿ ನಾನು ಎಲುಬು ಓದುತ್ತಿದ್ದೆ. ಮೊದಲ ವರ್ಷ ಎಂದರೆ ಎಲುಬು, ಸ್ನಾಯು, ನರ, ಕಣ್ಣು ಉರಿಸುವ ಫಾರ್ಮಾಲಿನ್ ವಾಸನೆ. ಭಾಲ್ಕಿಯಲ್ಲಿ ಜಾಣೆ ಅನ್ನಿಸಿಕೊಂಡವಳು ಇಲ್ಲಿ ಹಿಂದಿನ ಬೆಂಚಿಗೆ ಬಂದಿದ್ದೆ. ಸುತ್ತ ಇದ್ದವರೆಲ್ಲ ನನಗಿಂತ ಬೇಗ ಓದುವವರು, ಬೇಗ ಉತ್ತರ ಹೇಳುವವರು. ಕುರಿಯ ಎಲುಬಿನ ಮೇಲಿನ ಒಂದೊಂದು ತೂತಿನ ಹೆಸರೂ ನನ್ನ ಬಾಯಲ್ಲಿತ್ತು. ಕುರಿ ಯಾಕೆ ಕೆಮ್ಮುತ್ತದೆ ಎಂದು ಕೇಳಿದರೆ ಗೊತ್ತಿರಲಿಲ್ಲ.

ಪ್ರತಿ ಐತವಾರ ಊರಿಗೆ ಹೋಗುತ್ತಿದ್ದೆ. ಜನವಾಡ ದಾಟಿ ಔರಾದಿನವರೆಗೆ ಬಸ್ಸು, ಅಲ್ಲಿಂದ ಮಂದಿ ತುಂಬಿಕೊಂಡು ಹೋಗುವ ಟಂಟಂ ಆಟೊ. ಮೊದಲ ಐತವಾರ ಕಟ್ಟೆಯ ಮೇಲೆ ಒಂದು ಕೋಳಿ ನನ್ನನ್ನು ಕಾಯುತ್ತಿತ್ತು. ಮುಂದಿನ ವಾರ ಹೊಟ್ಟೆ ಉಬ್ಬಿದ ಆಡು. ಆಮೇಲೆ ಎಮ್ಮೆ.

"ನಾ ಇನ್ನಾ ಎಲುಬೇ ಓದ್ಲತೀನ್ರಿ," ಎಂದು ಎಲ್ಲರಿಗೂ ಹೇಳಿದೆ.

"ಕೇಳಿದ್ರ್ಯಾ? ಎಲುಬಿನ ತನ ಹೋಗ್ಯಾಳ," ಎಂದು ಕಾಕಾ ಕೂಡಿದವರ ಮುಖ ನೋಡಿದರು. "ಇನ್ನೇನ ಉಳೀತು?"

ನಾನೂ ನಕ್ಕೆ. ಹಾಸ್ಟೆಲಿನ ಸೀನಿಯರ್ ಒಬ್ಬರಿಗೆ ಫೋನ್ ಹಚ್ಚಿ ಕೇಳಿ, ಅವರು ಹೇಳಿದ್ದನ್ನು ಹೇಳಿದೆ. ಆಡು ಹುಷಾರಾಯಿತು. ಎಮ್ಮೆಯೂ ಹುಷಾರಾಯಿತು. ನನಗೆ ಅನ್ನಿಸುವ ಪ್ರಕಾರ ಅವು ಹೇಗೂ ಹುಷಾರಾಗುತ್ತಿದ್ದವು. ತಾವಾಗಿಯೇ ಗುಣವಾಗುವ ದನಕರುಗಳಷ್ಟು ಅಪಾಯ ಬೇರೆ ಇಲ್ಲ ಎಂದು ಇವತ್ತು ಹೇಳಬಲ್ಲೆ. ಆಗ ಮಾತ್ರ ಒಳಗೊಳಗೇ ಖುಷಿಯಾಗಿತ್ತು. ಊರು ನನ್ನನ್ನು ಡಾಕ್ಟರಬಾಯಿ ಎಂದು ಕರೆಯತೊಡಗಿತು.

ಮಳೆಗಾಲದ ಹೊತ್ತಿಗೆ ಒಂದು ಐತವಾರ ಬಾಗಿಲ ಮುಂದೆ ಹೋರಿಯೊಂದನ್ನು ಕಟ್ಟಿದ್ದರು. ಕಾಲು ಊದಿ ಕುಂಟುತ್ತಿತ್ತು. ಯಾವಾಗಿನಿಂದ ಎಂದು ಕೇಳಿದೆ.

"ಸೋಮವಾರದಿಂದ್ರಿ," ಎಂದ ಅದರ ಮಾಲೀಕ, ತಾಳ್ಮೆಗೆ ಶಹಬಾಸ್ ಸಿಗುತ್ತದೆ ಎನ್ನುವ ಹಾಗೆ. "ನೀವು ಬರೋ ತನ ತಡದೇವ್ರಿ."

ಕಾಕಾನನ್ನು ಒಳಗೆ ಕರೆದುಕೊಂಡು ಹೋಗಿ, ಔರಾದಿನ ಡಾಕ್ಟರಿಗೆ ಯಾಕೆ ಫೋನ್ ಮಾಡಿಸಲಿಲ್ಲ ಎಂದು ಕೇಳಿದೆ. ಅವರು ಹೊರಗಿನವರಿಗೆ ಕೇಳಿಸದ ಹಾಗೆ ದನಿ ಇಳಿಸಿದರು.

"ಮನಿ ಡಾಕ್ಟರ್ ಇದ್ದು ಹೊರಗಿನವರಿಗಿ ಕರದ್ರ ಮಂದಿ ಏನಂತಾರ? ನಿನ್ನ ಮ್ಯಾಲ ನಮಗೇ ಭರೋಸಾ ಇಲ್ಲ ಅಂದಂಗ ಆಗ್ತದ. ನಾ ಯಾರಿಗೂ ಕರೆಸಂಗಿಲ್ಲ. ನಮ್ಮ ಕುರಿಗೂ ಕರೆಸಿಲ್ಲ."

ನಾನು ರೇಗಿದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವರ ಎದುರಿಗೇ ಫೋನ್ ತೆಗೆದು ಔರಾದಿನ ಡಾಕ್ಟರನ್ನು ಕರೆದೆ; ಅವರು ಬಂದು ಹೋರಿಗೆ ಸೂಜಿ ಹಾಕಿ ಹೋದರು. ಅವತ್ತು ರಾತ್ರಿ ಕಾಕಾ ಊಟಕ್ಕೆ ಏಳಲಿಲ್ಲ. "ಮಂದ್ಯಾಗ ಅವರ ಮಾನ ತೆಗದೀ," ಎಂದಳು ಕಾಕಿ. ಮರುದಿನ ಬಸ್ಸಿಗೆ ಬಿಡಲು ಬಂದಾಗಲೂ ಅವರು ನನ್ನ ಚೀಲ ಹೊತ್ತುಕೊಂಡು ಮುಂದೆ ಮುಂದೆ ನಡೆದರು. ಇನ್ನು ಮೇಲೆ ಕರೆಸುತ್ತೀರಲ್ಲ ಎಂದು ಕೇಳಿದ್ದಕ್ಕೆ ಹೂಂ ಎಂದರು. ಅದು ಜಗಳ ಮುಗಿಸುವ ಹೂಂ ಎಂದು ನನಗೆ ತಿಳಿದಿತ್ತು.

ಆಮೇಲೆ ಪರೀಕ್ಷೆ ಬಂತು, ಊರಿಗೆ ಹೋಗುವುದು ತಪ್ಪಿತು. ಫೇಲಾಗುವ ಭಯದಲ್ಲಿ ನನಗೆ ಬೇರೆ ಯಾವುದರ ಮೇಲೂ ಲಕ್ಷ್ಯ ಇರಲಿಲ್ಲ. ಒಂದು ಸಂಜೆ ಕಾಕಾನ ಫೋನ್ ಬಂತು. ಹಳ್ಳದ ದಂಡೆಯಲ್ಲಿ ಜೆಸಿಬಿ ಹಚ್ಚಿ ಹೊಂಡ ತೋಡಿದ್ದಾರೆ, ಮಳೆ ಬಿದ್ದ ಮೇಲೆ ಅಲ್ಲಿ ಹುಲ್ಲು ಚೆನ್ನಾಗಿ ಎದ್ದಿದೆ, ಕುರಿ ಅಲ್ಲೇ ಮೇಯುತ್ತಿವೆ ಎಂದರು. ಆಮೇಲೆ, ಹವಾಮಾನದ ಸುದ್ದಿ ಹೇಳುವ ದನಿಯಲ್ಲೇ, ದೊಡ್ಡ ಟಗರು ಸತ್ತಿತು ಎಂದರು.

"ಮುಂಜಾನಿ ಛಲೋ ಮೇಯ್ಲತಿತ್ತು. ಮಧ್ಯಾಹ್ನ ಬಿತ್ತು, ಹೋತು. ಮೂಗಿನ್ಯಾಗ ರಕ್ತ ಬಂತು. ಸುಲಿಯೋ ಮುಂದ ನೋಡಿದ್ರ ರಕ್ತ ಕರ್ರಗ ಇತ್ತು, ಹೆಪ್ಪೇ ಆಗಲಿಲ್ಲ. ನೀ ಫಿಕರ್ ಮಾಡಬ್ಯಾಡ, ಓದು. ಐತವಾರ ಬಂದಾಗ ಮಾತಾಡಾಮು."

ನಾಲ್ಕು ದಿನ ಬಿಟ್ಟು ಒಂದು ಹೆಣ್ಣು ಕುರಿ ಹೋಯಿತು. ಅದನ್ನೂ ಸುಲಿದರಂತೆ, ನಮ್ಮ ಕಡೆ ಸತ್ತ ಕುರಿಯ ಚರ್ಮವನ್ನಾಗಲಿ ಮಾಂಸವನ್ನಾಗಲಿ ಯಾರೂ ಹಾಳು ಮಾಡುವುದಿಲ್ಲ. ಆ ಕರಿಯ ರಕ್ತ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಮರುದಿನ ಪ್ರಾಕ್ಟಿಕಲ್ ಮುಗಿದ ಮೇಲೆ, ಕೈ ತೊಳೆಯುತ್ತಿದ್ದ ನಮ್ಮ ಮೇಷ್ಟ್ರ ಹತ್ತಿರ ಹೋಗಿ, ಹೀಗಾಗುವುದು ಯಾಕೆ ಸರ್ ಎಂದು ಪಾಠದ ಸಂಶಯ ಕೇಳುವಂತೆ ಕೇಳಿದೆ.

ಅವರು ನಳ ಬಂದ್ ಮಾಡಿದರು.

"ಸುಲಿದವರು ಯಾರು?"

"ನಮ್ಮ ಕಾಕಾ, ಸರ್."

"ಅವರ ಕೈ ಮೇಲೆ ಏನಾದರೂ ಆಗಿದೆಯಾ ಕೇಳು. ಈಗಲೇ, ನನ್ನ ಮುಂದೆ."

ನಾನು ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಕಾಕಾನ ದನಿ ಸ್ವಲ್ಪ ಬತ್ತಿದ ಹಾಗಿತ್ತು.

"ಮುಂಗೈ ಮ್ಯಾಲ ಒಂದು ಗುಳ್ಳಿ ಆಗ್ಯದ ಬಿಡು. ನಡುವ ಕರ್ರಗ ಆಗ್ಯದ. ನೋಯಂಗಿಲ್ಲ. ಕಾಕಿ ದವಾಖಾನಿಗಿ ಹೋಗು ಅಂದಳು, ನಾ ಹೋಗಿಲ್ಲ. ನಿನಗೇ ತೋರಸಬೇಕಂತ ಹಾಂಗೇ ಇಟ್ಟೀನಿ."

ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ನೋಯುವುದಿಲ್ಲ ಎನ್ನುವುದೇ ಕೆಟ್ಟ ಲಕ್ಷಣ ಎಂದರು. ಅದು ನೆರಡಿ ಇರಬಹುದು, ಆಂಥ್ರಾಕ್ಸ್. ಮಣ್ಣಿನೊಳಗೆ ಎಷ್ಟೋ ವರ್ಷ ಸುಮ್ಮನಿದ್ದು, ನೆಲ ಅಗೆದಾಗ ಮೇಲೆ ಬರುತ್ತದೆ. ಆ ರೋಗದಿಂದ ಸತ್ತ ಕುರಿಯನ್ನು ಕೊಯ್ಯಲೇಬಾರದು. ಸುಲಿದವನ ಕೈಗೆ ಬಂದದ್ದು ರಕ್ತಕ್ಕೆ ಇಳಿದರೆ ಮನುಷ್ಯ ಉಳಿಯುವುದು ಕಷ್ಟ. ಇದು ನಮಗೆ ಮೂರನೆಯ ವರ್ಷದ ಪಾಠ. ಫೋನಿನಲ್ಲಿ ಹೇಳಿದರೆ ಕಾಕಾ ದವಾಖಾನೆಗೆ ಹೋಗುವವರಲ್ಲ. ಮೇಷ್ಟ್ರು ಔರಾದಿನ ಪಶು ಡಾಕ್ಟರಿಗೆ ಫೋನ್ ಮಾಡುತ್ತಿರುವಾಗಲೇ ನಾನು ಬಸ್ ಸ್ಟ್ಯಾಂಡಿನ ಕಡೆ ಓಡಿದೆ.

ಆ ದಾರಿಯಲ್ಲಿ ಬಸ್ಸು ಎಷ್ಟು ಕಡೆ ನಿಲ್ಲುತ್ತದೆ ಎನ್ನುವುದು ಅವತ್ತೇ ನನಗೆ ತಿಳಿದದ್ದು. ಜನವಾಡದಲ್ಲಿ ಒಬ್ಬ ಮುದುಕಿ ಹತ್ತಿ, ಚಿಲ್ಲರೆಗಾಗಿ ಸೆರಗಿನ ಗಂಟು ಬಿಚ್ಚುತ್ತಾ ನಿಂತಳು. ನನಗೆ ಅಳು ಬಂತು. ಕೆಂಪು ಮಣ್ಣು ಮುಗಿದು ಕಪ್ಪು ಮಣ್ಣು ಶುರುವಾದ ಮೇಲೆ, ಹೊಲದಲ್ಲಿ ಎಲ್ಲಿ ಅಗೆದದ್ದು ಕಂಡರೂ ಅದನ್ನೇ ತಿರುಗಿ ತಿರುಗಿ ನೋಡುತ್ತಿದ್ದೆ. ಔರಾದಿನಲ್ಲಿ ಇಡೀ ಟಂಟಂ ಹಿಡಿದೆ.

ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ಐತವಾರ ಅಲ್ಲದ ದಿನ ನಾನು ಬರುತ್ತೇನೆ ಎಂದು ಕಾಕಿಗೆ ಫೋನಿನಲ್ಲಿ ಹೇಳಿದ್ದೆ, ಅದು ಓಣಿಗೆಲ್ಲ ಗೊತ್ತಾಗಿತ್ತು. ಆಗಲೇ ಇಬ್ಬರು ತಮ್ಮ ಆಡುಗಳನ್ನು ಹಿಡಿದು ನಿಂತಿದ್ದರು. ಕಾಕಾ ಜಳಕ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಒಗೆದ ಅಂಗಿ ತೊಟ್ಟಿದ್ದರು. ತೋಳು ಮೊಣಕೈಯವರೆಗೆ ಊದಿ ಅಂಗಿಯ ತೋಳೊಳಗೆ ತುರುಕಿದ ಹಾಗಿತ್ತು. ಕಣ್ಣಿನಲ್ಲಿ ಜ್ವರದ ಹೊಳಪು. ನನ್ನನ್ನು ನೋಡಿ ಟಾವೆಲ್ ಬಿಚ್ಚಿ ಕೈ ಮುಂದೆ ಚಾಚಿದರು.

"ನೋಡು, ಡಾಕ್ಟರಬಾಯಿ."

ಇದ್ದಿಲ ಚೂರು ಅಂಟಿದ ಹಾಗೆ ಕರಿಯ ಹಕ್ಕಳೆ, ಸುತ್ತ ನೀರು ತುಂಬಿದ ಸಣ್ಣ ಗುಳ್ಳೆಗಳು. ಅದರ ಕೆಳಗಿನ ಎಲುಬುಗಳ ಹೆಸರು ಒಂದೊಂದಾಗಿ ನನ್ನ ನೆನಪಿಗೆ ಬಂದವು. ಬೇರೆ ಏನೂ ಬರಲಿಲ್ಲ.

"ಕಾಕಾ, ಬೀದರ ದವಾಖಾನಿಗಿ ಹೋಗಾಮು, ಏಳ್ರಿ."

"ಯಾಕ? ನೀ ನೋಡೀದಿ. ಔಷಧ ಹೇಳು, ತರಸ್ತೀನಿ."

"ನನಗ ಗೊತ್ತಿಲ್ರಿ. ನಾ ಡಾಕ್ಟರ್ ಅಲ್ರಿ."

ಆಡು ಹಿಡಿದವರು ಮುಖ ಮುಖ ನೋಡಿಕೊಂಡರು. ಕಾಕಾ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಮತ್ತೆ ಟಾವೆಲ್ ಸುತ್ತಿಕೊಂಡರು. ಅವರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಮಂದಿಯ ಮುಂದೆ ನಾನು ನನ್ನನ್ನೇ ಸಣ್ಣವಳನ್ನಾಗಿ ಮಾಡಿಕೊಂಡದ್ದು ಅವರಿಗೆ ನೋವಾಗಿತ್ತು. ಐತವಾರದ ತನಕ ನೋಡೋಣ, ಅಷ್ಟರಲ್ಲಿ ಓದಿಕೊಂಡು ಬಾ ಎಂದರು. ಇನ್ನು ನಿಜ ಹೇಳುತ್ತಾ ನಿಂತರೆ ಇವರು ಈ ಕಟ್ಟೆಯ ಮೇಲೇ ಸಾಯುತ್ತಾರೆ ಎಂದು ನನಗೆ ಸ್ಪಷ್ಟವಾಗಿ ಕಂಡಿತು.

"ನಾ ಡಾಕ್ಟರ್ ಹೇಳ್ಲತೀನಿ," ಎಂದೆ. ನನ್ನ ದನಿ ನನಗೇ ಪರಕೀಯವಾಗಿತ್ತು. "ಎದ್ದು ಟಂಟಂ ಹತ್ರಿ."

ಕಾಕಾ ಎದ್ದರು. ಸಾಲೆಯ ಹುಡುಗನ ಹಾಗೆ ಹೋಗಿ ಟಂಟಂ ಹತ್ತಿ ಕೂತರು.

ಬೀದರಿನ ದವಾಖಾನೆಯಲ್ಲಿ ಡಾಕ್ಟರು ಕೈ ನೋಡಿದವರೇ ಒಳಗೆ ಮಲಗಿಸಿ, ಸೂಜಿ, ಸಲೈನ್ ಶುರು ಮಾಡಿಸಿದರು. ಆಮೇಲೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕಾಕಾನನ್ನು ಗದರಿದರು. ಮಲಗಿದ್ದಲ್ಲಿಂದಲೇ ಕಾಕಾ ನನ್ನ ಕಡೆ ಗದ್ದ ಎತ್ತಿ ತೋರಿಸಿದರು.

"ನಮ್ಮ ಮನಿ ಡಾಕ್ಟರ್ ಬರೋದಿತ್ರಿ."

"ಯಾವ ವರ್ಷ?" ಎಂದು ಡಾಕ್ಟರು ನನ್ನನ್ನು ಕೇಳಿದರು.

"ಮೊದಲನೇದು, ಸರ್."

ಅವರು ಸಲೈನ್ ಬಾಟಲಿಯ ಕಡೆ ತಿರುಗಿದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಕಾಕಾ ಉಳಿದರು. ಮುಂಗೈ ಮೇಲೆ ಒಂದು ತಗ್ಗು ಉಳಿಯಿತು. ಮಾಂಸ ಮುಟ್ಟಿದವರಿಗೆ, ತಿಂದವರಿಗೆ ಗುಳಿಗೆ ಕೊಟ್ಟರು. ಔರಾದಿನ ಡಾಕ್ಟರು ಬಂದು ಊರಿನ ಕುರಿಗಳಿಗೆಲ್ಲ ಲಸಿಕೆ ಹಾಕಿ, ಹಳ್ಳದ ದಂಡೆಗೆ ಬೇಲಿ ಹಾಕಿಸಿದರು. ನಾನು ಹೇಗೋ ಪಾಸಾದೆ. ಇನ್ನಾದರೂ ಊರು ಬುದ್ಧಿ ಕಲಿತಿರುತ್ತದೆ ಎಂದುಕೊಂಡು, ರಿಸಲ್ಟ್ ಬಂದ ಐತವಾರ ಊರಿಗೆ ಹೋದೆ.

ಬಾಗಿಲ ಮುಂದೆ ಒಂದು ಆಡೂ ಇರಲಿಲ್ಲ. ಟಂಟಂನಿಂದ ಇಳಿದು ನಿಟ್ಟುಸಿರು ಬಿಟ್ಟೆ. ಆಗ ಕಟ್ಟೆಯ ಮೂಲೆಯಿಂದ ಪಕ್ಕದ ಓಣಿಯ ಸೊಸೆ ಎದ್ದು ಬಂದಳು. ಸೊಂಟದ ಮೇಲೆ ಸೆರಗು ಹೊದಿಸಿದ ಕೂಸು. ಅದು ಅಳುತ್ತಲೂ ಇರಲಿಲ್ಲ.

"ಬುಧವಾರದಿಂದ ಜ್ವರ ಬಿಟ್ಟಿಲ್ರಿ. ಏನೂ ಕುಡೀಲತಿಲ್ಲ. ನಿಮ್ಮ ಕಾಕಾಗ ನೀವೇ ಉಳಿಸಿದ್ರಂತಲ್ರಿ. ಅದಕ್ಕ ನಿಮ್ಮ ಹಾದಿ ಕಾಯ್ಲತೀನಿ."

ಆಕೆಯ ಹಿಂದೆ ಬಾಗಿಲಲ್ಲಿ ಕಾಕಾ ನಿಂತಿದ್ದರು, ಮುಖದ ತುಂಬ ಹೆಮ್ಮೆ. ನಾನು ಕೂಸನ್ನು ಮುಟ್ಟಲಿಲ್ಲ, ಏನೂ ವಿವರಿಸಲಿಲ್ಲ. ತಿರುಗುತ್ತಿದ್ದ ಟಂಟಂಗೆ ಕೈ ಅಡ್ಡ ಹಿಡಿದು ನಿಲ್ಲಿಸಿದೆ.

"ಹತ್ರಿ," ಎಂದೆ. "ನಾ ಡಾಕ್ಟರ್ ಹೇಳ್ಲತೀನಿ."

ಆಕೆ ಹತ್ತಿದಳು. ನಾನೂ ಪಕ್ಕದಲ್ಲಿ ಕೂತೆ. ಕೂಸಿನ ಮೈಯ ಕಾವು ಆಕೆಯ ಸೆರಗು ದಾಟಿ ನನ್ನ ತೋಳಿಗೆ ತಾಗುತ್ತಿತ್ತು. ಡಿಗ್ರಿ ಮುಗಿಯಲು ಇನ್ನೂ ನಾಲ್ಕು ವರ್ಷದ ಮೇಲೆ ಬಾಕಿ ಇತ್ತು. ಅಷ್ಟರಲ್ಲಿ ಎಷ್ಟು ಐತವಾರ ಬರುತ್ತವೆ ಎಂದು ಲೆಕ್ಕ ಹಾಕಲು ನನಗೆ ಧೈರ್ಯ ಬರಲಿಲ್ಲ.