ಅತ್ತೆಯ ದಮ್ಮು, ನನ್ನ ದಮ್ಮು

ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಹಿಂದಿದ್ದ ಸಣ್ಣ ಲ್ಯಾಬೊಂದರಲ್ಲಿ ನಾನು ಹನ್ನೊಂದು ವರ್ಷ ಊರಿನವರ ರಕ್ತ, ಮೂತ್ರ, ಕಫ ಪರೀಕ್ಷೆ ಮಾಡಿದ್ದೇನೆ. ತೊಂಬತ್ತರ ದಶಕದ ಕೊನೆಗೆ ಕೊಟ್ಟೂರಿನಿಂದ ಸೊಸೆಯಾಗಿ ಬರುವಾಗಲೇ ನನಗೆ ದಮ್ಮಿತ್ತು. ಅತ್ತೆಗೆ ನನಗಿಂತ ಜೋರು. ನನ್ನದು ಚಿಕ್ಕಂದಿನಿಂದ ಬಂದದ್ದು. ಅವರದು ನಲವತ್ತು ದಾಟಿದ ಮೇಲೆ, ಸೌದೆ ಒಲೆಯ ಹೊಗೆ ಮತ್ತು ಮೆಕ್ಕೆಜೋಳ ಹಸನು ಮಾಡುವ ಧೂಳಿನ ನಡುವೆ ಶುರುವಾದದ್ದು.

ಮದುವೆಯಾದ ಎರಡನೆಯ ವರ್ಷ ನನಗೆ ವಿಪರೀತ ಉಬ್ಬಸ ಬಂತು. ಬೆರಳು ಚುಚ್ಚಿ ನನ್ನ ರಕ್ತವನ್ನೇ ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು, ಒಡಲ ತುಂಬ ಕಿತ್ತಳೆ ಬಣ್ಣದ ಕಾಳು ತುಂಬಿಕೊಂಡು, ಇರಬೇಕಾದ್ದಕ್ಕಿಂತ ಎಷ್ಟೋ ಹೆಚ್ಚಿದ್ದವು. ಡಾಕ್ಟರು ಹತ್ತು ದಿನ ಸ್ಟೀರಾಯ್ಡ್ ಗುಳಿಗೆ, ಆಮೇಲೆ ಸೇದುವ ಔಷಧಿ ಕೊಟ್ಟರು. ವಾರದಲ್ಲಿ ಉಸಿರು ಹಗುರಾಯಿತು. ಮತ್ತೆ ನೋಡಿದರೆ ಆ ಕಣಗಳು ಹುಡುಕಿದರೂ ಸಿಗಲಿಲ್ಲ. ಈ ಖುಷಿಯನ್ನು ಮನೆಗೆ ಬಂದು ಅತ್ತೆಗೆ ವರ್ಣಿಸಿ ಹೇಳಿದೆ.

ಅವರು ನಾನು ಎಸೆದಿದ್ದ ಸ್ಟೀರಾಯ್ಡ್ ಗುಳಿಗೆಯ ಖಾಲಿ ಸ್ಟ್ರಿಪ್ಪನ್ನು ಎತ್ತಿಟ್ಟುಕೊಂಡು, ಮೆಡಿಕಲ್ ಶಾಪಿನಲ್ಲಿ ತೋರಿಸಿ ಅದನ್ನೇ ಕೊಂಡು ನುಂಗತೊಡಗಿದ್ದು ನನಗೆ ತಿಳಿದದ್ದು ಒಂದು ವರ್ಷದ ಮೇಲೆ. ಅಷ್ಟರಲ್ಲಿ ಆ ಗುಳಿಗೆಯಿಂದ ಅವರ ಮುಖ ಗುಂಡಗೆ ಊದಿಕೊಂಡಿತ್ತು, ರಕ್ತದಲ್ಲಿ ಸಕ್ಕರೆ ಏರಿತ್ತು. ದಮ್ಮು ಮಾತ್ರ ಇದ್ದ ಹಾಗೇ ಇತ್ತು. ನಾನು ಕೇಳಿದಾಗ ಅವರು ಮುಚ್ಚಿಡಲಿಲ್ಲ.

"ನಿನಗ ನಾಟಿದ್ದು ನನಗ್ಯಾಕ ನಾಟವಲ್ದು? ಇಬ್ಬರದೂ ದಮ್ಮ ಅಲ್ಲೇನು?"

ಮರುದಿನ ಅವರ ಬೆರಳನ್ನೂ ಚುಚ್ಚಿ ನೋಡಿದೆ. ಅವರ ರಕ್ತದಲ್ಲಿ ಇಯೊಸಿನೊಫಿಲ್ ಒಂದೋ ಎರಡೋ ಕಂಡವು. ಲ್ಯಾಬಿನ ಮಾಲೀಕರು ಅದನ್ನು ನಂಬಬೇಡ ಎಂದರು. ಈ ಗುಳಿಗೆ ನುಂಗಿದವರ ರಕ್ತದಲ್ಲಿ ಅವು ಹೇಗೂ ಕಾಣುವುದಿಲ್ಲ, ಎದೆಯೊಳಗೆ ಏನಿದೆಯೋ ಅದು ಕಫದಲ್ಲೇ ತಿಳಿಯಬೇಕು ಎಂದು ವಿವರಿಸಿದರು.

ಅತ್ತೆ ಒಪ್ಪಲಿಲ್ಲ. ಸೊಸೆ ತನ್ನ ಕಫ ಮುಟ್ಟುವುದು ಅವರಿಗೆ ಸಾಯುವಷ್ಟು ನಾಚಿಕೆ. ನಾನು ದಿನಾ ಬೆಳಿಗ್ಗೆ ಬಚ್ಚಲ ಕಟ್ಟೆಯ ಮೇಲೆ ಖಾಲಿ ಡಬ್ಬಿ ಇಟ್ಟು ಹೋಗುತ್ತಿದ್ದೆ, ಸಂಜೆ ಬಂದರೆ ಅದು ಖಾಲಿಯೇ ಇರುತ್ತಿತ್ತು. ಕೊನೆಗೆ ಎದುರು ಕುಳಿತು ಹೇಳಿದೆ:

"ಊರ ಮಂದಿದೆಲ್ಲಾ ನೋಡ್ತೀನ್ರಿ ಅತ್ತಿ. ನಿಮ್ಮದು ನೋಡಾಕ ನನಗ್ಯಾವ ಅಸಹ್ಯನೂ ಇಲ್ಲ. ನೀವು ಕೊಡೂತನಕ ನಾ ಡಬ್ಬಿ ಇಡೂದು ಬಿಡಂಗಿಲ್ಲ."

ಎಂಟನೆಯ ದಿನ ಡಬ್ಬಿ ತುಂಬಿತ್ತು. ಮುಚ್ಚಳ ಬಿಗಿದು, ಮೇಲೆ ಹಳೆಯ ಸೀರೆಯ ತುಂಡು ಸುತ್ತಿದ್ದರು.

ಮೊದಲು ಕ್ಷಯದ ಪರೀಕ್ಷೆ ಮಾಡಿದೆ, ಇರಲಿಲ್ಲ. ಆಮೇಲೆ ಕಣಗಳಿಗೆ ಬಣ್ಣ ಹಾಕಿ ನೋಡಿದರೆ ಕಿತ್ತಳೆ ಕಾಳಿನದು ಒಂದೂ ಇಲ್ಲ. ಬದಲಿಗೆ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು, ಕಣದ ನಡುವಿನ ಬೀಜ ಮೂರು ನಾಲ್ಕು ತುಂಡಾದ ನ್ಯೂಟ್ರೋಫಿಲ್‌ಗಳು ಒತ್ತೊತ್ತಾಗಿ ತುಂಬಿದ್ದವು. ಮೂರು ಬೆಳಗಿನ ಕಫದಲ್ಲೂ ಅದೇ. ಮಾಲೀಕರು ಬಹಳ ಹೊತ್ತು ನೋಡಿ, ಈ ಗಾಜುಗಳ ಸಮೇತ ಅತ್ತೆಯನ್ನು ಕರೆದುಕೊಂಡು ದಾವಣಗೆರೆಗೆ ಹೋಗು ಎಂದರು.

ಅಲ್ಲಿನ ಎದೆರೋಗದ ಡಾಕ್ಟರು ಮೊದಲು ನಾನು ಬರೆದು ಒಯ್ದಿದ್ದ ಕಫದ ವರದಿ ಓದದೆ, ಸ್ಟೀರಾಯ್ಡ್ ಇನ್ನಷ್ಟು ಹೆಚ್ಚಿಸೋಣ ಎಂದರು. ನಾನು ಎದ್ದು ಗಾಜುಗಳನ್ನು ಅವರ ಮೇಜಿನ ಮೇಲೆ ಸಾಲಾಗಿ ಇಟ್ಟು, ಇವನ್ನು ನೋಡಿ ಆಮೇಲೆ ಬರೆಯಿರಿ ಎಂದೆ. ಮೇಜಿನ ಮುಂದೆಯೇ ನಿಂತೆ, ಕುರ್ಚಿಗೆ ವಾಪಸು ಹೋಗಲಿಲ್ಲ. ಅವರು ನೋಡಿದರು. ಅತ್ತೆಗೆ ಉಪ್ಪುನೀರಿನ ಹಬೆ ಕೊಟ್ಟು ಹೊಸದಾಗಿ ಕಫ ತೆಗೆಸಿ ತಾವೇ ಮತ್ತೆ ಪರೀಕ್ಷೆ ಮಾಡಿಸಿದರು. ಅದರಲ್ಲೂ ಅದೇ ಬಂದಾಗ ಅವರ ಮಾತು ಬದಲಾಯಿತು. ದಮ್ಮು ಎಂಬ ಹೆಸರು ಒಂದೇ ಆದರೂ ಒಳಗಿನ ಉರಿಯೂತ ಬೇರೆ ಬೇರೆ, ಈ ಬಗೆಯದು ಸ್ಟೀರಾಯ್ಡಿಗೆ ಅಷ್ಟಾಗಿ ಬಗ್ಗುವುದಿಲ್ಲ, ಆದರೆ ಗುಳಿಗೆಯನ್ನು ಒಮ್ಮೆಲೇ ಬಿಟ್ಟರೆ ಅಪಾಯ, ಸ್ವಲ್ಪ ಸ್ವಲ್ಪವೇ ಇಳಿಸಬೇಕು ಎಂದರು. ಬೇರೆ ಔಷಧಿ ಬರೆದು, ಹೊಗೆ ಮತ್ತು ಧೂಳು ಬಿಡಲೇಬೇಕೆಂದರು.

ಗುಳಿಗೆ ಇಳಿಸಿದ ಏಳು ತಿಂಗಳು ಕಷ್ಟದವು. ಅತ್ತೆಗೆ ಕೀಲು ಕೀಲು ನೋವು, ಕೈಯಲ್ಲಿ ಚೊಂಬು ಎತ್ತುವಷ್ಟು ಬಲವಿಲ್ಲ. ಹಳೆಯ ಗುಳಿಗೆಯನ್ನೇ ಪೂರ್ತಿ ಕೊಡೆಂದು ಕೇಳುವರೇನೋ ಎಂದು ನಾನು ಹೆದರಿದ್ದೆ. ಅವರು ಕೇಳಲಿಲ್ಲ. "ಇವತ್ತೊಂದು ದಿನ ತಡಕೊಂತೀನಿ" ಎನ್ನುತ್ತಿದ್ದರು. ಮರುದಿನವೂ ಅದೇ ಮಾತು. ಮನೆಗೆ ಗ್ಯಾಸ್ ಬಂತು. ಮೆಕ್ಕೆಜೋಳದ ಕಣಕ್ಕೆ ಹೋಗುವುದನ್ನು ಮಾತ್ರ ಜಗಳವಾಡಿ ಬಿಡಿಸಬೇಕಾಯಿತು.

ಯುಗಾದಿ ಹೊತ್ತಿಗೆ ಊತ ಇಳಿದು ಅವರ ಮುಖ ಅವರದಾಯಿತು, ಸಕ್ಕರೆ ಇಳಿಯಿತು. ದಮ್ಮು ಪೂರ್ತಿ ಹೋಗಲಿಲ್ಲ. ಆದರೆ ಓಣಿಯ ತುದಿಯ ನಲ್ಲಿಗೆ ಹೋಗಿ ನಡುವೆ ಎಲ್ಲೂ ಕೂರದೆ ಬರುತ್ತಿದ್ದರು. ಅಲ್ಲೊಮ್ಮೆ ದಮ್ಮಿದ್ದ ಹೆಂಗಸೊಬ್ಬಳು ಅವರ ಗುಳಿಗೆಯ ಹೆಸರು ಕೇಳಿದಳು.

"ನನ್ನದು ಕೇಳಬ್ಯಾಡವಾ" ಎಂದರು ಅತ್ತೆ. "ನಿನ್ನ ಕಫ ತಗೊಂಡು ನಾಳಿಗೆ ನನ್ನ ಸೊಸಿ ಕಡಿ ಹೋಗು."

ಮರುದಿನ ಅವಳು ನಿಜಕ್ಕೂ ಡಬ್ಬಿ ಹಿಡಿದು ಲ್ಯಾಬಿಗೆ ಬಂದಳು.